ಅಂಗಳದ ದೀಪಗಳ ಶವಪರೀಕ್ಷೆ

ಮಲೆನಾಡಿನ ಸಾಗರದ ಹತ್ತಿರದ ನಮ್ಮ ಮನೆಯಿಂದ ಕೊಟ್ಟಿಗೆಗೆ ಹೋಗುವ ದಾರಿಯಲ್ಲಿ ಆರು ಸೌರದೀಪಗಳನ್ನು ನೆಟ್ಟಿದ್ದೆ. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ನಾಲ್ಕು ಕಣ್ಣು ಮುಚ್ಚಿದವು. ‘ಬಿಸಾಡು’ ಎಂದರು ಅಪ್ಪ. ಅದಕ್ಕೂ ಮೊದಲು ಒಂದನ್ನು ಬಿಚ್ಚಿ ನೋಡಿದೆ.

ಒಳಗಿದ್ದದ್ದು ಇಷ್ಟೇ: ಮರುಚಾರ್ಜ್ ಆಗುವ, 1.2 ವೋಲ್ಟ್‌ನ ಒಂದು ನಿಕ್ಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ, ಉಗುರಿನಷ್ಟು ಸರ್ಕ್ಯೂಟ್, ಜೊತೆಗೆ ಸಂಸಾರ ಹೂಡಿದ್ದ ಇರುವೆಗಳು. ಬ್ಯಾಟರಿಯ ತುದಿಗೆ ಹಸಿರು ಕಿಲುಬು ಹಿಡಿದಿತ್ತು. ನಿಂಬೆರಸದಲ್ಲಿ ಅದ್ದಿದ ಹತ್ತಿಯಿಂದ ತಗಡನ್ನು ಉಜ್ಜಿ, ಒಣಗಿಸಿ, ಅದೇ ಬಗೆಯ ಹೊಸ ಬ್ಯಾಟರಿ ಹಾಕಿದೆ. ಗಡಿಯಾರದ ಸಾಮಾನ್ಯ ಸೆಲ್ ಕೂಡ ಅದೇ ಗಾತ್ರದ್ದು. ಆದರೆ ಅದು ಮರುಚಾರ್ಜ್‌ಗೆ ಆದದ್ದಲ್ಲ, ಸೋರಿ ಎಲ್ಲವನ್ನೂ ತಿಂದುಹಾಕುತ್ತದೆ. ಹೇಗೆ ಗೊತ್ತು ಎಂದು ಕೇಳಬೇಡಿ.

ಮೂರು ದೀಪಗಳು ಬದುಕಿದವು. ಒಂದರ ತಂತಿಯೇ ತುಕ್ಕು ಹಿಡಿದಿತ್ತು. ಅದರ ಗಾಜು, ಕಡ್ಡಿಗಳನ್ನು ಬಿಡಿಭಾಗಗಳೆಂದು ಎತ್ತಿಟ್ಟೆ.

ಬದುಕಿದ ಮೂರರಲ್ಲಿ ಜಗಲಿಯ ಪಕ್ಕದ್ದು ಮಾತ್ರ ಮೊದಮೊದಲು ಹೊಸ ಬ್ಯಾಟರಿಗೂ ಜಗ್ಗಲಿಲ್ಲ. ಎರಡು ಸಂಜೆ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಇಂಥ ದೀಪಗಳಲ್ಲಿ ಕತ್ತಲನ್ನು ಗುರುತಿಸುವುದೂ ಸೌರಫಲಕವೇ. ಜಗಲಿಯ ಬಲ್ಬಿನ ಬೆಳಕು ನೇರ ಅದರ ಮೇಲೆ ಬೀಳುತ್ತಿತ್ತು. ಪಾಪ, ಅದಕ್ಕೆ ಇನ್ನೂ ಹಗಲು! ನಾಲ್ಕು ಮಾರು ಆಚೆ ನೆಟ್ಟೆ, ಹತ್ತಿಕೊಂಡಿತು.

ಈಗ ತಿಂಗಳಿಗೊಮ್ಮೆ ಫಲಕಗಳ ಪಾಚಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಆಷಾಢದಲ್ಲಿ ಒರೆಸಿಯೂ ಲಾಭವಿಲ್ಲ, ಬಿಸಿಲೇ ಇರುವುದಿಲ್ಲ. ಆಗ ಬ್ಯಾಟರಿಗಳನ್ನು ತೆಗೆದು ಡಬ್ಬಿಯಲ್ಲಿಟ್ಟು, ಕೊಟ್ಟಿಗೆಗೆ ಟಾರ್ಚ್ ಹಿಡಿದು ಹೋಗುತ್ತೇನೆ.