ನಿಮ್ಮ ಪೇಪರ್‌ಗಳಿಗೆ ಸೈಟೇಶನ್ ಎಷ್ಟಿವೆ?

ಸಾರ್ವಜನಿಕ ಆರೋಗ್ಯ ಮತ್ತು ಸಾಮಾಜಿಕ ನೀತಿಯ ಬಗ್ಗೆ ಸಂಶೋಧನೆ ಮಾಡುತ್ತೇನೆ ಎಂದು ಹೇಳಿದ ಕೂಡಲೇ ನನಗೆ ಎದುರಾಗುವ ಪ್ರಶ್ನೆ ಇದು. ಸೈಟೇಶನ್ ಎಂದರೆ ನಮ್ಮ ಸಂಶೋಧನಾ ಲೇಖನವನ್ನು ಬೇರೆ ಸಂಶೋಧಕರು ತಮ್ಮ ಲೇಖನದಲ್ಲಿ ಉಲ್ಲೇಖಿಸುವುದು. ಮಾರ್ಗದರ್ಶಕರನ್ನು ಹುಡುಕುತ್ತಿರುವ ವಿದ್ಯಾರ್ಥಿಗಳು ಸಂಕೋಚದಿಂದ ಕೇಳುತ್ತಾರೆ, ಆಯ್ಕೆ ಸಮಿತಿಯವರು ನೇರವಾಗಿ ಕೇಳುತ್ತಾರೆ. ಇತ್ತೀಚೆಗೆ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಣ್ಣನ ಮಗ ಕೂಡ ಗೂಗಲ್ ಸ್ಕಾಲರ್‌ನಲ್ಲಿ ನನ್ನ ಹೆಸರನ್ನು ಹುಡುಕಿ, "ಅತ್ತೆ, ನಿಮ್ಮದು ಕಡಿಮೆ ಅಲ್ಲವೇ?" ಎಂದು ಕೇಳಿದ. ಉಲ್ಲೇಖಗಳನ್ನು ಎಣಿಸಿ ಕೊಡುವ ಅಂಕವಾದ ಎಚ್-ಇಂಡೆಕ್ಸ್ ನನ್ನದು 14. ಪ್ರಶ್ನೆ ನ್ಯಾಯವಾದುದೇ, ಏಕೆಂದರೆ ನಾವು ಕೆಲಸ ಮಾಡುವುದು ಜನರ ತೆರಿಗೆಯ ಹಣದಲ್ಲಿ. ಆದರೆ ಈ ಸಂಖ್ಯೆ ಏನನ್ನು ಎಣಿಸುತ್ತದೆ ಎಂಬುದನ್ನು ತಿಳಿಯದೆ ಅದು ಹೆಚ್ಚೋ ಕಡಿಮೆಯೋ ಎಂದು ಹೇಳಲಾಗದು.

ಎಚ್-ಇಂಡೆಕ್ಸ್ ಎಂಬ ಲೆಕ್ಕವನ್ನು 2005ರಲ್ಲಿ ಮುಂದಿಟ್ಟವರು ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಜಾರ್ಜ್ ಹಿರ್ಷ್. ಒಬ್ಬರ ಐದು ಪೇಪರ್‌ಗಳನ್ನು ಬೇರೆ ಸಂಶೋಧಕರು ಕ್ರಮವಾಗಿ 50, 18, 6, 4 ಮತ್ತು 1 ಬಾರಿ ಉಲ್ಲೇಖಿಸಿದ್ದಾರೆ ಎಂದುಕೊಳ್ಳಿ. ಕನಿಷ್ಠ 4 ಉಲ್ಲೇಖಗಳಿರುವ ಪೇಪರ್‌ಗಳು 4 ಇರುವುದರಿಂದ ಅವರ ಎಚ್-ಇಂಡೆಕ್ಸ್ 4. ಬರೀ ನಾಲ್ಕು ಪೇಪರ್ ಬರೆದು, ಪ್ರತಿಯೊಂದಕ್ಕೂ ನಾಲ್ಕೇ ಉಲ್ಲೇಖ ಪಡೆದವರದೂ 4. ಮೊದಲಿನವರ ಆ 50 ಉಲ್ಲೇಖಗಳ ಪೇಪರ್ ಒಂದು ಕ್ಷೇತ್ರದ ದಿಕ್ಕನ್ನೇ ಬದಲಿಸಿರಬಹುದು, ಆದರೂ ಲೆಕ್ಕದಲ್ಲಿ ಇಬ್ಬರೂ ಸಮಾನರು. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಇನ್ನೊಂದು ಅಳತೆಯ ಮೂಲಪುರುಷ ಯೂಜೀನ್ ಗಾರ್ಫೀಲ್ಡ್. ಒಂದು ಜರ್ನಲ್, ಅಂದರೆ ಸಂಶೋಧನಾ ಪತ್ರಿಕೆ, ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖಗಳು ಬಂದವು ಎಂಬುದನ್ನು ಅದು ಹೇಳುತ್ತದೆ. ಜರ್ನಲ್‌ಗಳನ್ನು ಆರಿಸಲು ಹುಟ್ಟಿದ ಈ ಸರಾಸರಿ ಇಂದು ಬಡ್ತಿಯ ಅರ್ಜಿಯಲ್ಲಿ ಮನುಷ್ಯರನ್ನು ಅಳೆಯಲು ಬಳಕೆಯಾಗುತ್ತಿದೆ.

ನಮ್ಮ ಕ್ಷೇತ್ರಕ್ಕೆ ಆ ಎರಡು ವರ್ಷದ ಗಡುವು ಹೊಂದುವುದಿಲ್ಲ. ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಗಣಿಯ ಊರೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಒಂದು ಲೇಖನ ಬರೆದು, ಒಳ್ಳೆಯ ವೈದ್ಯಕೀಯ ಸೇವೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ ಎಂಬುದನ್ನು ಒಂದು ನಿಯಮದಂತೆ ಹೇಳಿದರು. ಅರ್ಧ ಶತಮಾನ ಕಳೆದರೂ ಆರೋಗ್ಯದ ಅಸಮಾನತೆಯ ಬಗ್ಗೆ ಬರೆಯುವವರು ಆ ಲೇಖನದ ಬಳಿಗೆ ಹಿಂತಿರುಗುತ್ತಲೇ ಇದ್ದಾರೆ. ಇನ್ನೊಂದು ಕಡೆ, ಅದೇ ಲ್ಯಾನ್ಸೆಟ್‌ನಲ್ಲಿ 1998ರಲ್ಲಿ ಆಂಡ್ರೂ ವೇಕ್‌ಫೀಲ್ಡ್ ಮತ್ತು ಸಹಲೇಖಕರು ಕೇವಲ 12 ಮಕ್ಕಳ ಮಾಹಿತಿಯಿಂದ ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯ ಮೇಲೆ ಅನುಮಾನ ಹುಟ್ಟಿಸಿದ ಪೇಪರ್ ಇದೆ. 2010ರಲ್ಲಿ ಜರ್ನಲ್ ಅದನ್ನು ಹಿಂಪಡೆಯಿತು. ಆ ಪೇಪರ್ ತಪ್ಪೆಂದು ತೋರಿಸಲು ಅದನ್ನು ಉಲ್ಲೇಖಿಸಿದವರ ಉಲ್ಲೇಖವೂ ಎಣಿಕೆಗೆ ಸೇರುತ್ತದೆ. ಮೆಚ್ಚುಗೆಯನ್ನೂ ಖಂಡನೆಯನ್ನೂ ಬೇರ್ಪಡಿಸುವ ಕಣ್ಣು ಆ ಎಣಿಕೆಗಿಲ್ಲ.

ನನ್ನ ಪೇಪರ್‌ಗಳಲ್ಲೊಂದು, ಹೆರಿಗೆಗೆ ಸರ್ಕಾರಿ ಆಸ್ಪತ್ರೆಗೆ ಹೋದರೂ ಕುಟುಂಬಗಳು ಕೈಯಿಂದ ಮಾಡಬೇಕಾಗುವ ಖರ್ಚಿನ ಬಗ್ಗೆ ಬರೆದದ್ದು. ಅದಕ್ಕೆ 46 ಉಲ್ಲೇಖಗಳಿದ್ದಾಗ, ಒಂದು ರಜೆಯಲ್ಲಿ ಕುಳಿತು ಆ 46 ಪೇಪರ್‌ಗಳನ್ನೂ ತೆರೆದು, ನಮ್ಮ ಹೆಸರು ಬಂದ ಸಾಲನ್ನು ಓದಿದೆ. 31 ಪೇಪರ್‌ಗಳಲ್ಲಿ ನಾವು ಪೀಠಿಕೆಯ ಮೊದಲ ಪರಿಚ್ಛೇದದಲ್ಲಿ, ಇನ್ನೂ ನಾಲ್ಕೈದು ಹೆಸರುಗಳ ಜೊತೆಗೆ ಆವರಣದೊಳಗೆ ಇದ್ದೆವು. 9 ಪೇಪರ್‌ಗಳು ನಮ್ಮ ಪ್ರಶ್ನಾವಳಿಯನ್ನೋ ಅಂಕಿಅಂಶವನ್ನೋ ನಿಜವಾಗಿ ಬಳಸಿದ್ದವು. ನಾವು ಹೇಳಿದ್ದಕ್ಕೆ ತದ್ವಿರುದ್ಧವಾದುದನ್ನು ನಮ್ಮ ಹೆಸರಿನಲ್ಲಿ ಬರೆದಿದ್ದ 4 ಪೇಪರ್‌ಗಳ ಲೇಖಕರು ನಮ್ಮದನ್ನು ಓದಿರಲಾರರು ಎನಿಸಿತು. ಉಳಿದ ಎರಡು ಮಾತ್ರ ನಮ್ಮೊಡನೆ ವಾದಕ್ಕಿಳಿದಿದ್ದವು. ಅವುಗಳಲ್ಲಿ ಒಂದು, ಗುಳೆ ಹೋದ ಕುಟುಂಬಗಳು ನಮ್ಮ ಸಮೀಕ್ಷೆಯ ದಿನ ಊರಲ್ಲೇ ಇರಲಿಲ್ಲ, ಆದ್ದರಿಂದ ಅತಿ ಹೆಚ್ಚು ಖರ್ಚು ಮಾಡುವವರೇ ಲೆಕ್ಕದಿಂದ ಹೊರಗುಳಿದಿದ್ದಾರೆ ಎಂದು ತೋರಿಸಿಕೊಟ್ಟಿತ್ತು. ಅದು ಸರಿಯಾದ ಮಾತು. ನಾವು ಮತ್ತೆ ಹೋಗಿ, ಸುಗ್ಗಿಯ ನಂತರ ಊರು ಬಿಡುವವರನ್ನು ಮೊದಲೇ ಗುರುತಿಸಿ, ಕೆಲಸವನ್ನು ಪುನಃ ಮಾಡಿದೆವು. ಆ 46ರಲ್ಲಿ ನನ್ನ ಕೆಲಸವನ್ನು ಬದಲಿಸಿದ್ದು ಆ ಒಂದು ಪೇಪರ್.

ಹೆರಿಗೆಯ ಖರ್ಚಿನ ಬಗೆಗಿನ ನಮ್ಮ ಪೇಪರ್‌ನ ಒಂದು ವಾಕ್ಯ ನನಗೆ ಇನ್ನೊಂದು ಕಡೆ ಸಿಕ್ಕಿತು. ರಾತ್ರಿ ಹೊತ್ತು ಬಾಡಿಗೆ ವಾಹನಕ್ಕೆ ತೆರುವ ಹಣವೇ ಬಡ ಕುಟುಂಬದ ಹೆರಿಗೆಯ ಅತಿ ದೊಡ್ಡ ಖರ್ಚು ಎಂದು ನಾವು ಬರೆದಿದ್ದೆವು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಅಂಟಿಸಿದ್ದ ಸುತ್ತೋಲೆಯಲ್ಲಿ ಆ ವಾಕ್ಯ ಕನ್ನಡದಲ್ಲಿ ಹೆಚ್ಚುಕಡಿಮೆ ಹಾಗೆಯೇ ಇತ್ತು, ಅದರ ಕೆಳಗೆ ಆಂಬುಲೆನ್ಸ್ ಚಾಲಕರ ರಾತ್ರಿ ಪಾಳಿಯ ಪಟ್ಟಿಯಿತ್ತು. ನಮ್ಮ ಹೆಸರು ಎಲ್ಲೂ ಇರಲಿಲ್ಲ. ಉಲ್ಲೇಖಗಳನ್ನು ಎಣಿಸುವ ಸ್ಕೋಪಸ್‌ನಂಥ ಯಾವ ಡೇಟಾಬೇಸೂ ಆ ಗೋಡೆಯನ್ನು ಓದುವುದಿಲ್ಲ. ನನಗೆ ಆ ದಿನ ಆದ ಸಂತೋಷ ಯಾವ ಉಲ್ಲೇಖದಿಂದಲೂ ಆಗಿಲ್ಲ.

ನೀತಿಯ ಮೇಲೆ ಪರಿಣಾಮ ಬೀರುವ ಬರಹಗಳು ಎಷ್ಟೋ ಬಾರಿ ಜರ್ನಲ್‌ಗಳಲ್ಲಿ ಇರುವುದೇ ಇಲ್ಲ. ಬ್ರಿಟನ್ನಿನಲ್ಲಿ ವರ್ಗಭೇದಕ್ಕೂ ಸಾವಿನ ಪ್ರಮಾಣಕ್ಕೂ ಇರುವ ನಂಟನ್ನು ಪರಿಶೀಲಿಸಲು 1977ರಲ್ಲಿ ಸರ್ ಡಗ್ಲಸ್ ಬ್ಲ್ಯಾಕ್ ಅವರ ನೇತೃತ್ವದಲ್ಲಿ ಸಮಿತಿಯೊಂದು ರಚನೆಯಾಯಿತು. ವರದಿ ಸಿದ್ಧವಾಗುವ ಹೊತ್ತಿಗೆ ಸರ್ಕಾರ ಬದಲಾಗಿತ್ತು. 1980ರ ಆಗಸ್ಟ್ ಕೊನೆಯ ರಜಾದಿನಗಳ ನಡುವೆ, ಅದರ 260 ಬೆರಳಚ್ಚು ಪ್ರತಿಗಳು ಮಾತ್ರ ಹೊರಬಂದವು. ಖರ್ಚಿನ ಕಾರಣ ನೀಡಿ ಆರೋಗ್ಯ ಸಚಿವರು ಅದರ ಶಿಫಾರಸುಗಳಿಂದ ದೂರ ಸರಿದರು. ಆ ದಿನ ಅದರ ಪ್ರಭಾವವನ್ನು ಅಳೆದಿದ್ದರೆ ಸೊನ್ನೆ ಬರುತ್ತಿತ್ತು. ಆದರೆ ಎರಡೇ ವರ್ಷಗಳಲ್ಲಿ ಅದು ಸಾಮಾನ್ಯ ಓದುಗರಿಗೆ ಪುಸ್ತಕವಾಗಿ ದೊರಕಿತು, 1998ರಲ್ಲಿ ಡೊನಾಲ್ಡ್ ಅಚೆಸನ್ ಅವರ ವಿಚಾರಣಾ ವರದಿ ಅದರ ದಾರಿಯಲ್ಲೇ ನಡೆಯಿತು, ಮುಂದೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ಮೈಕೆಲ್ ಮಾರ್ಮಟ್ ನೇತೃತ್ವದ ಆಯೋಗ 2008ರಲ್ಲಿ ಅದೇ ಪ್ರಶ್ನೆಯನ್ನು ಇಡೀ ಜಗತ್ತಿಗೆ ಕೇಳಿತು.

ನಮ್ಮಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. ಹತ್ತು ಸಾವಿರ ಜನಕ್ಕೆ ಎಷ್ಟು ವೈದ್ಯರು, ಎಷ್ಟು ಹಾಸಿಗೆಗಳು ಎಂಬಂಥ ಸೂಚ್ಯಂಕಗಳನ್ನೂ ಸೇರಿಸಿಕೊಂಡು ಅದು ರಾಜ್ಯದ ಅಂದಿನ 175 ತಾಲ್ಲೂಕುಗಳನ್ನು ತೂಗಿ, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ರಾಯಚೂರಿನಲ್ಲಾಗಲಿ ಕಲಬುರಗಿಯಲ್ಲಾಗಲಿ ಯಾವ ಸಭೆಗೆ ಹೋದರೂ "ನಂಜುಂಡಪ್ಪ ವರದಿ" ಎಂಬ ಎರಡು ಪದ ಕೇಳಿಸುತ್ತವೆ. ಬಜೆಟ್ ಭಾಷಣಗಳಲ್ಲಿ, ಮನವಿ ಪತ್ರಗಳಲ್ಲಿ, ಧರಣಿಯ ಬ್ಯಾನರ್‌ಗಳಲ್ಲಿ ಅದು ಇದೆ. ಅಡಿಟಿಪ್ಪಣಿ ಇಲ್ಲದ ಆ ಮಾತನ್ನು ಎಣಿಸುವವರು ಯಾರು?

ಮಕ್ಕಳ ಬಿಸಿಯೂಟದ ಮೊಟ್ಟೆಯ ವಿಷಯವೂ ಹಾಗೆಯೇ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಭಾಗದಲ್ಲಿ ಮೊಟ್ಟೆ ಕೊಡಲು ಶುರುವಾದಾಗ ಪರ ವಿರೋಧ ಎರಡೂ ಜೋರಾಗಿದ್ದವು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನು, ಸಿಗದಿದ್ದ ಗದಗ ಜಿಲ್ಲೆಯ ಮಕ್ಕಳೊಂದಿಗೆ ಹೋಲಿಸಿ, ತೂಕದಲ್ಲಿ ಕಂಡ ವ್ಯತ್ಯಾಸವನ್ನು ಸರ್ಕಾರದ ಮುಂದಿಟ್ಟರು. 2022ರಲ್ಲಿ ಮೊಟ್ಟೆ ರಾಜ್ಯದ ಉಳಿದ ಜಿಲ್ಲೆಗಳಿಗೂ ಬಂತು. ಅಧ್ಯಯನವೊಂದೇ ಕಾರಣ ಎಂದು ನಾನು ಹೇಳುವುದಿಲ್ಲ, ನೀತಿ ಎಂದೂ ಒಂದೇ ಕಾರಣದಿಂದ ಬದಲಾಗುವುದಿಲ್ಲ. ಆದರೆ ತಟ್ಟೆಯ ಮುಂದೆ ಕುಳಿತ ಮಗುವಿಗೂ ಆ ವರದಿಗೂ ಇರುವ ದೂರ ಬಹಳ ಕಡಿಮೆ.

ಇದನ್ನು ಅಳೆಯುವ ಪ್ರಯತ್ನ ನಡೆದೇ ಇಲ್ಲ ಎಂದಲ್ಲ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ 2014ರ ಮೌಲ್ಯಮಾಪನದಲ್ಲಿ ಸಂಶೋಧನೆ ಸಮಾಜದಲ್ಲಿ ತಂದ ಬದಲಾವಣೆಗೆ ಶೇ. 20, 2021ರಲ್ಲಿ ಶೇ. 25 ಅಂಕ ಇಟ್ಟಿದ್ದರು. ಸಂಖ್ಯೆಯ ಬದಲು ಪುರಾವೆ ಸಹಿತ ಕಥನವನ್ನು ಬರೆದುಕೊಡಬೇಕಿತ್ತು. ನಮ್ಮಲ್ಲಿಯೂ ಇಂಥದ್ದೊಂದು ಬರಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಕನ್ನಡಿಗ ಸಂಶೋಧಕರಿಗೆ ಇನ್ನೊಂದು ಸಣ್ಣ, ಆದರೆ ನಿಜವಾದ ತೊಂದರೆಯಿದೆ. ನಮ್ಮಲ್ಲಿ ಬಹಳಷ್ಟು ಜನರಿಗೆ ಮನೆತನದ ಹೆಸರಿಲ್ಲ, ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್ ಮಾತ್ರ ಇರುತ್ತದೆ. ಒಂದು ಜರ್ನಲ್ ಇನಿಷಿಯಲ್ ಅನ್ನು ಮುಂದೆ ಹಾಕುತ್ತದೆ, ಇನ್ನೊಂದು ಅದನ್ನು ಬಿಡಿಸಿ ತಂದೆಯ ಹೆಸರನ್ನೇ ಸರ್‌ನೇಮ್ ಮಾಡುತ್ತದೆ. ಡೇಟಾಬೇಸ್ ಒಬ್ಬರನ್ನೇ ಮೂರು ಜನರನ್ನಾಗಿ ಒಡೆದು, ಉಲ್ಲೇಖಗಳನ್ನು ಮೂವರಿಗೂ ಹಂಚುತ್ತದೆ. ಆದ್ದರಿಂದ ವಿದ್ಯಾರ್ಥಿಗಳಿಗೆ ಮೊದಲ ಪೇಪರ್ ಕಳಿಸುವ ಮುನ್ನವೇ ಓರ್ಕಿಡ್ (ORCID) ಎಂಬ, ಪ್ರತಿ ಸಂಶೋಧಕರಿಗೂ ಪ್ರತ್ಯೇಕವಾಗಿ ಸಿಗುವ 16 ಅಂಕಿಗಳ ಗುರುತು ಮಾಡಿಸಿಕೊಳ್ಳಿ ಎನ್ನುತ್ತೇನೆ.

ಹಾಗಾದರೆ ಜರ್ನಲ್‌ಗಳಿಗೆ ಬರೆಯಬಾರದೇ ಎಂದು ಕೇಳಿದರೆ, ಖಂಡಿತ ಬರೆಯಬೇಕು. ತಜ್ಞರ ಪರಿಶೀಲನೆಯಲ್ಲಿ ನಮ್ಮ ತಪ್ಪುಗಳು ಹೊರಬೀಳುತ್ತವೆ, ಅಧಿಕಾರಿಯೋ ನ್ಯಾಯಾಲಯವೋ ಆಧಾರ ಕೇಳಿದಾಗ ತೋರಿಸಲು ಗಟ್ಟಿಯಾದುದೊಂದು ಇರುತ್ತದೆ. ಆದರೆ ನಮ್ಮ ಗುಳೆಯ ಅಧ್ಯಯನ ಜರ್ನಲ್‌ನಲ್ಲಿ ಪ್ರಕಟವಾಗಲು 14 ತಿಂಗಳು ಹಿಡಿಯಿತು. ಅಷ್ಟು ದಿನ ಅದು ನಮ್ಮ ಕಂಪ್ಯೂಟರ್‌ನಲ್ಲೇ ಕೂರಬಾರದೆಂದು ಕನ್ನಡದಲ್ಲಿ ನಾಲ್ಕು ಪುಟದ ಸಾರಾಂಶ ಮಾಡಿ, ಮೊದಲು ಆ ಹಳ್ಳಿಗಳ ಆಶಾ ಕಾರ್ಯಕರ್ತೆಯರ ಮಾಸಿಕ ಸಭೆಯಲ್ಲಿ ಓದಿದೆವು. ಓದಿ ಮುಗಿಸಿದಾಗ ಹಿಂದೆ ಕುಳಿತಿದ್ದ ಹಿರಿಯ ಆಶಾ ಒಬ್ಬರು ಎದ್ದು, "ಮೇಡಂ, ಗಾಡಿ ಬಾಡಿಗಿ ಬರದೀರಿ, ಖರೆ. ಬಾಣಂತಿ ಜೋಡಿ ಬಂದಾಕಿ ಮೂರು ದಿನ ಕೂಲಿ ಬಿಟ್ಟಿರ್ತಾಳಲ್ರೀ, ಅದನ್ಯಾಕ ಬರದಿಲ್ಲ?" ಎಂದು ಕೇಳಿದರು. ಮುಂದಿನ ಪ್ರಶ್ನಾವಳಿಯ ಎರಡನೆಯ ಪುಟದಲ್ಲಿ ಆ ಪ್ರಶ್ನೆ ಇದೆ.