ಗೋಡೆಗೆ ಬಡಿದರೂ ನಿಲ್ಲದ ಆಟ

ನಿನ್ನೆ ರಾತ್ರಿ ಆಫೀಸಿನ ಗೆಳೆಯನೊಬ್ಬ ಬಿಡದೆ ಎಮ್‌2 ಲೀಗಿನ ಮ್ಯಾಚಿಗೆ ಎಳೆದುಕೊಂಡು ಹೋದ. ಇಲ್ಲಿ ಅಮೆರಿಕದಲ್ಲಿ ಮೇಜರ್ ಅರೀನಾ ಸಾಕರ್ ಲೀಗ್ ಅಂತ ಒಳಾಂಗಣ ಫುಟ್‌ಬಾಲ್ ಇದೆ. ಅದರ ಕೆಳಗಿನ ಮೆಟ್ಟಿಲು ಇದು, 2017ರಲ್ಲಿ ಶುರುವಾಗಿದ್ದು. ಹೆಚ್ಚುಕಡಿಮೆ ಐಸ್ ಹಾಕಿ ಅಂಗಳದಷ್ಟು ಜಾಗ, ಸುತ್ತಲೂ ಗೋಡೆ. ಗೋಲ್‌ಕೀಪರ್ ಸೇರಿ ತಂಡಕ್ಕೆ 6 ಜನ. ಚೆಂಡು ಗೋಡೆಗೆ ಧಡ್ ಅಂತ ಬಡಿದು ವಾಪಸ್ ಬರುತ್ತದೆ, ಮತ್ತೆ ಓಟ. ಉಸಿರು ಬಿಡಲೂ ಪುರುಸೊತ್ತಿಲ್ಲ, ನೋಡುವವರಿಗೂ!

ನೀಲಿ ಕಾರ್ಡ್ ಅಂತಲೂ ಒಂದಿದೆ. ತಪ್ಪು ಮಾಡಿದವನು 2 ನಿಮಿಷ ಪಕ್ಕದ ಬಾಕ್ಸಿನಲ್ಲಿ ಕೂರಬೇಕು, ಸ್ಕೂಲಲ್ಲಿ ಮೇಷ್ಟ್ರು ಹೊರಗೆ ನಿಲ್ಲಿಸುತ್ತಿದ್ದ ಹಾಗೆ. ಹಾಗೆ ಕೂತವನೊಬ್ಬ ನಮ್ಮೆದುರಿಗೇ ಇದ್ದ. ಹಗಲೆಲ್ಲ ಏಸಿ ರಿಪೇರಿ ಕೆಲಸವಂತೆ, ಹಿಂದೆ ಕೂತಿದ್ದ ಅವನ ಹೆಂಡತಿ ಹೇಳಿದರು. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸ್. ಗಡಿಯಾರ ನೋಡುತ್ತಾ ಸುಮ್ನೆ ಕಾಲು ಕುಣಿಸುತ್ತಿದ್ದ.

ನಾನು ಆಟ ಬಿಟ್ಟು ಹನ್ನೊಂದು ವರ್ಷ. ಕೆಲಸ ಜಾಸ್ತಿ ಅಂತ ಹೇಳಿಕೊಂಡು ಬಂದಿದ್ದೇನೆ. ನೆಪ ತಾನೇ, ಅಲ್ವಾ?

2 ನಿಮಿಷ ಮುಗಿದಿದ್ದೇ ತಡ, ಅವನು ಬಾಗಿಲು ತಳ್ಳಿಕೊಂಡು ಓಡಿದ. ಮುಚ್ಚುವುದನ್ನೂ ಮರೆತ.