ಮೊದಲು ಸರ್ಚ್, ಆಮೇಲೆ ಹೋಸ್ಟಿಂಗ್

ಕುಶಾಲನಗರದಲ್ಲಿ ಕೂತು ಕೊಡಗಿನ ಅಂಗಡಿ, ಹೋಮ್‌ಸ್ಟೇ, ಸಂಘ ಸಂಸ್ಥೆಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಹೋಸ್ಟಿಂಗ್, ಅಂದರೆ ಸೈಟ್ ಇಡಲು ಸರ್ವರಿನಲ್ಲಿ ಬಾಡಿಗೆ ಜಾಗ, ಮೊದಲೇ ಕೊಂಡಿರುತ್ತಾರೆ. "ಆಫರ್ ಇತ್ತು, ಮೂರು ವರ್ಷದ್ದು ಒಟ್ಟಿಗೆ ಕಟ್ಟಿಬಿಟ್ಟೆ" ಅನ್ನುತ್ತಾರೆ. ನಾಲ್ಕೈದು ಪುಟದ ಹೋಮ್‌ಸ್ಟೇ ಸೈಟಿಗೆ ಅದು ಧಾರಾಳವಾಗಿ ಸಾಕು. ಆದರೆ ಸಾವಿರಾರು ಸಾಮಾನಿರುವ ಸೈಟಿಗೆ ಅದರದ್ದೇ ಆದ ಸರ್ಚ್ ಎಂಜಿನ್ ಬೇಕು ಅಂದಾಗ ಈ ಲೆಕ್ಕ ನಡೆಯುವುದಿಲ್ಲ. ಯಾವ ಸರ್ಚ್ ಬೇಕು ಎಂದು ತೀರ್ಮಾನ ಮಾಡಿ, ಅದು ಓಡುವ ಜಾಗವನ್ನು ಆಮೇಲೆ ಹುಡುಕಬೇಕು. ನಮ್ಮಲ್ಲಿ ನಡೆಯುವುದು ಉಲ್ಟಾ.

ಇದನ್ನು ವಿವರವಾಗಿ ಹೇಳಲು ಗೋಣಿಕೊಪ್ಪದ ಒಂದು ಅಂಗಡಿಯ ಕೆಲಸ ಒಳ್ಳೆಯ ಉದಾಹರಣೆ. ತೋಟದ ಸಾಮಾನಿನ ಅಂಗಡಿ ಅದು. ಕಳೆ ತೆಗೆಯುವ ಮಿಷನ್, ಸ್ಪ್ರೇಯರ್, ಪಲ್ಪರ್ ಬಿಡಿಭಾಗ, ಮೈಲುತುತ್ತ, ಟಾರ್ಪಾಲ್, ಗೋಣಿಚೀಲ, ಬೇರಿಂಗ್, ಬೆಲ್ಟ್ ಎಲ್ಲ ಸೇರಿ ಸಾವಿರಾರು ಐಟಂ. ಹುಡುಕುವವರು ತೋಟದ ಮಾಲೀಕರಿಗಿಂತ ಜಾಸ್ತಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್‌ಗಳು. ಅವರು ಮಿಷನ್ ಪಕ್ಕ ನಿಂತು, ಒಂದು ಕೈಯಲ್ಲಿ ಮೊಬೈಲ್ ಹಿಡಿದು, ಸಿಗ್ನಲ್ ಬಂದಷ್ಟು ಹೊತ್ತಿನಲ್ಲಿ ಹುಡುಕುತ್ತಾರೆ. ಒಬ್ಬರು "ವೀಡ್ ಕಟರ್" ಎಂದು ಬರೆಯುತ್ತಾರೆ, ಇನ್ನೊಬ್ಬರು "ಬ್ರಷ್ ಕಟರ್", ಮತ್ತೊಬ್ಬರು "ಕಳೆ ಮಿಷನ್". ಕನ್ನಡ ಅಕ್ಷರದಲ್ಲೂ ಬರುತ್ತದೆ, ಇಂಗ್ಲಿಷ್ ಅಕ್ಷರದಲ್ಲೂ ಬರುತ್ತದೆ. ಎಲ್ಲದಕ್ಕೂ ಒಂದೇ ಸಾಮಾನು ಸಿಗಬೇಕು.

ಹಳೆಯ ಸೈಟಿನಲ್ಲಿ ಇದ್ದದ್ದು ಡೇಟಾಬೇಸಿನೊಳಗೆ ಪದ ತಡಕುವ ಮಾಮೂಲಿ ಹುಡುಕಾಟ. ಅಕ್ಷರ ಹೊಂದಿದರೆ ಸಾಮಾನು ಸಿಗುತ್ತದೆ, ಇಲ್ಲದಿದ್ದರೆ ಖಾಲಿ ಪುಟ. ಯಾವುದು ಮೇಲೆ ಬರಬೇಕು ಎಂಬ ಲೆಕ್ಕವೇ ಅದಕ್ಕಿಲ್ಲ. ಆ ಡೇಟಾಬೇಸ್ ಮೈಎಸ್‌ಕ್ಯೂಎಲ್. ಅದರಲ್ಲಿ ಪದ ಹುಡುಕಲೆಂದೇ ಫುಲ್‌ಟೆಕ್ಸ್ಟ್ ಎಂಬ ಸೌಲಭ್ಯ ಇದೆ, ನಿಜ. ಅದರ ಮಾಮೂಲಿ ಟೇಬಲ್ ಮಾದರಿಯಾದ ಇನ್ನೋಡಿಬಿಗೆ 5.6ನೇ ಆವೃತ್ತಿಯಿಂದ ಬಂದಿದೆ. ಆದರೆ ಅದು ಮಾಮೂಲಾಗಿ 3 ಅಕ್ಷರಕ್ಕಿಂತ ಚಿಕ್ಕ ಪದವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ಮಿತಿ ಬದಲಿಸಬೇಕಾದರೆ ಡೇಟಾಬೇಸ್ ಸರ್ವರನ್ನೇ ಮತ್ತೆ ಚಾಲೂ ಮಾಡಿ ಇಂಡೆಕ್ಸ್ (ಯಾವ ಪದ ಎಲ್ಲಿದೆ ಎಂಬ ಪಟ್ಟಿ) ಹೊಸದಾಗಿ ಕಟ್ಟಬೇಕು. ಒಂದೇ ಸರ್ವರನ್ನು ಹಲವು ಸೈಟುಗಳು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್‌ನಲ್ಲಿ ಆ ಸರ್ವರ್ ಮುಟ್ಟಲು ನಮಗೆ ಯಾರು ಬಿಡುತ್ತಾರೆ?

ಶೇರ್ಡ್ ಹೋಸ್ಟಿಂಗ್‌ನ ಗುಣ ಇಲ್ಲೇ ಅರ್ಥ ಮಾಡಿಕೊಳ್ಳಬೇಕು. ಪಿಎಚ್‌ಪಿ ಭಾಷೆಯಲ್ಲಿ ಬರೆದ ವೆಬ್ ಪುಟ ಒಂದು ಕ್ಷಣ ಎದ್ದು, ಕೆಲಸ ಮುಗಿಸಿ, ಮಲಗುತ್ತದೆ. ಆ ಜಾಗ ಇರುವುದೇ ಅಂಥ ಕೆಲಸಕ್ಕೆ. ಸರ್ಚ್ ಎಂಜಿನ್ ಹಾಗಲ್ಲ. ಅದು ಹಗಲು ರಾತ್ರಿ ಎದ್ದೇ ಇರಬೇಕು, ಮೆಮೊರಿ ಹಿಡಿದುಕೊಂಡಿರಬೇಕು, ತನ್ನದೇ ಪೋರ್ಟಿನಲ್ಲಿ, ಅಂದರೆ ಸರ್ವರಿನ ಒಂದು ನಂಬರಿನ ಬಾಗಿಲಲ್ಲಿ, ಕಿವಿಗೊಟ್ಟು ಕೂತಿರಬೇಕು. ಎಲಾಸ್ಟಿಕ್‌ಸರ್ಚ್ ಆದರೆ 9200, ಸೋಲರ್ ಆದರೆ 8983, ಮೈಲಿಸರ್ಚ್ ಆದರೆ 7700. ಶೇರ್ಡ್ ಜಾಗದಲ್ಲಿ ಹೀಗೆ ಎದ್ದು ಕೂತ ಪ್ರೋಗ್ರಾಂ ಕಂಡರೆ ಅವರ ವ್ಯವಸ್ಥೆ ಅದನ್ನು ಕೊಂದು ಹಾಕುತ್ತದೆ. ಜಾಹೀರಾತಿನಲ್ಲಿ "ಅನ್‌ಲಿಮಿಟೆಡ್" ಎಂದು ಬರೆದಿರುವುದು ಡಿಸ್ಕ್ ಜಾಗಕ್ಕೆ. ಮೆಮೊರಿಗೆ, ಪ್ರೋಸೆಸ್ ಸಂಖ್ಯೆಗೆ, ಫೈಲ್ ಸಂಖ್ಯೆಗೆ ಮಿತಿ ಬೇರೆಯೇ ಇರುತ್ತದೆ. ಅದನ್ನು ಓದಲು ಷರತ್ತುಗಳ ಪುಟದ ಕೆಳಗಿನವರೆಗೆ ಇಳಿಯಬೇಕು.

ಅಂಗಡಿಯ ಅಣ್ಣನಿಗೆ ಯಾರೋ ಎಲಾಸ್ಟಿಕ್‌ಸರ್ಚ್ ಹಾಕಿಸಿ ಎಂದಿದ್ದರು. ಒಳ್ಳೆಯ ಸಾಫ್ಟ್‌ವೇರ್, ಎರಡು ಮಾತಿಲ್ಲ. ಡಗ್ ಕಟಿಂಗ್ 1999ರಲ್ಲಿ ಶುರು ಮಾಡಿದ ಲೂಸೀನ್ ಎಂಬ ಲೈಬ್ರರಿಯ ಮೇಲೆ ನಿಂತಿದೆ. ಸೋಲರ್ ಕೂಡ ಅದರ ಮೇಲೆಯೇ. ಎರಡೂ ಜಾವಾದಲ್ಲಿ ಓಡುತ್ತವೆ, ಮೆಮೊರಿ ಕೇಳುತ್ತವೆ. ಎಲಾಸ್ಟಿಕ್‌ಸರ್ಚ್‌ನ ಹೀಪ್‌ಗೆ, ಅಂದರೆ ಜಾವಾ ತನಗೆಂದು ಹಿಡಿದಿಡುವ ಮೆಮೊರಿಗೆ, ಮಿಷನ್ನಿನ ಮೆಮೊರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಡಬಾರದು, ಉಳಿದದ್ದು ಫೈಲ್ ಕ್ಯಾಶ್‌ಗೆ ಬೇಕು ಎಂಬುದು ಅದನ್ನು ಮಾಡಿದವರೇ ಹೇಳುವ ಮಾತು. ಹೀಪ್‌ಗೆ 1 ಜಿಬಿ ಎಂದರೆ ಮಿಷನ್ನಿಗೆ 2 ಜಿಬಿ ಬೇಕಾಯಿತು. ಅದೇ ಮಿಷನ್ನಿನಲ್ಲಿ ವೆಬ್‌ಸೈಟೂ ಡೇಟಾಬೇಸೂ ಇದ್ದರೆ 4 ಜಿಬಿ. 1 ಜಿಬಿ ವಿಪಿಎಸ್‌ನಲ್ಲಿ (ದೊಡ್ಡ ಸರ್ವರಿನಲ್ಲಿ ನಮಗೆಂದೇ ಬಾಡಿಗೆಗೆ ಕೊಡುವ ಪಾಲು) ಇದನ್ನು ತುರುಕಿದರೆ ಮೆಮೊರಿ ಮುಗಿದ ಕ್ಷಣ ಲಿನಕ್ಸ್ ಯಾವುದಾದರೂ ಒಂದನ್ನು ಹೊಡೆದು ಹಾಕುತ್ತದೆ. ಹಲವು ಸಲ ಬಲಿಯಾಗುವುದು ಡೇಟಾಬೇಸ್.

ಇನ್ನೊಂದು ಸೂಕ್ಷ್ಮ ಇದೆ. ಎಲಾಸ್ಟಿಕ್‌ಸರ್ಚ್‌ಗೆ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಮೆಮೊರಿ ಮ್ಯಾಪ್ ಮಿತಿಯನ್ನು ಕನಿಷ್ಠ 262144ಕ್ಕೆ ಏರಿಸಬೇಕು. ಕೆವಿಎಂ ಮಾದರಿಯ ವಿಪಿಎಸ್‌ನಲ್ಲಿ ಕರ್ನಲ್ ನಮ್ಮದೇ, ಏರಿಸಬಹುದು. ಓಪನ್‌ವಿಝೆಡ್ ಮಾದರಿಯ ಅಗ್ಗದ ವಿಪಿಎಸ್‌ನಲ್ಲಿ ಕರ್ನಲ್ ಎಲ್ಲರಿಗೂ ಒಂದೇ, ನಾವು ಕೈ ಹಾಕುವಂತಿಲ್ಲ. ಎರಡನ್ನೂ ವಿಪಿಎಸ್ ಎಂಬ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಹಾಗಾಗಿ ವಿಪಿಎಸ್ ಕೊಳ್ಳುವಾಗ ನಾನು ಮೊದಲು ಕೇಳುವ ಪ್ರಶ್ನೆ "ಕೆವಿಎಂ ಹೌದಾ?" ಎಂಬುದು. ಉತ್ತರ ಸುತ್ತಿಬಳಸಿ ಬಂದರೆ ಅಲ್ಲಿಗೆ ಬಿಡುತ್ತೇನೆ.

ಈಗ ಕನ್ನಡದ ವಿಷಯ. ಇಲ್ಲಿ ಸ್ವಲ್ಪ ನಿಲ್ಲಲೇಬೇಕು, ಯಾಕೆಂದರೆ ಹೋಸ್ಟಿಂಗ್ ಮಾರುವವರು ಯಾರೂ ಇದನ್ನು ಹೇಳುವುದಿಲ್ಲ.

ಎಲಾಸ್ಟಿಕ್‌ಸರ್ಚ್‌ನ ಜೊತೆಗೇ ಬರುವ, ಪದ ಒಡೆದು ಅದರ ಮೂಲರೂಪ ಹಿಡಿಯುವ ಭಾಷಾ ಅನಲೈಸರ್‌ಗಳಲ್ಲಿ ಹಿಂದಿ ಇದೆ, ಬಂಗಾಳಿ ಇದೆ, ಕನ್ನಡ ಇಲ್ಲ. ಯೂನಿಕೋಡ್ ಲಿಪಿಗಳನ್ನು ನಿಭಾಯಿಸುವ ಐಸಿಯು ಪ್ಲಗಿನ್ ಹಾಕಿದರೆ ಒಂದಷ್ಟು ಕೆಲಸ ಆಗುತ್ತದೆ. ಆದರೆ ಪ್ಲಗಿನ್ ಹಾಕಲು ಹೋಸ್ಟಿಂಗ್‌ನವರು ಬಿಡಬೇಕು. ಎಲ್ಲವನ್ನೂ ಅವರೇ ನೋಡಿಕೊಳ್ಳುವ ಮ್ಯಾನೇಜ್ಡ್ ಸೇವೆ ಕೊಳ್ಳುವಾಗ ಯಾವ ಪ್ಲಗಿನ್ ಹಾಕಬಹುದು ಎಂದು ಮೊದಲೇ ಕೇಳಿ.

ಸರ್ವರ್ ಪ್ರೋಗ್ರಾಂ ಏನೂ ಬೇಡ, ಶೇರ್ಡ್ ಜಾಗದಲ್ಲೇ ನಡೆಯಬೇಕು ಅಂದರೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನ ಎಫ್‌ಟಿಎಸ್5 ಎಂಬ ಹುಡುಕಾಟದ ಸೌಲಭ್ಯ ಒಳ್ಳೆಯ ದಾರಿ. ಒಂದು ಫೈಲ್, ಅಷ್ಟೇ. ಆದರೆ ಅದರ ಮಾಮೂಲಿ ಟೋಕನೈಸರ್ (ಸಾಲನ್ನು ಪದಗಳಾಗಿ ಒಡೆಯುವ ಭಾಗ) ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗ ಎಂದು ಎಣಿಸುತ್ತದೆ. ಯೂನಿಕೋಡ್‌ನಲ್ಲಿ ನಮ್ಮ ಕಾಗುಣಿತದ ಚಿಹ್ನೆಗಳು ಅಕ್ಷರದ ಗುಂಪಿಗೆ ಸೇರುವುದಿಲ್ಲ, ಗುರುತುಗಳ ಗುಂಪಿಗೆ ಸೇರುತ್ತವೆ. ಹೀಗಾಗಿ "ಮಡಿಕೇರಿ" ಒಳಗೆ ಹೋಗಿ "ಮಡ", "ಕ", "ರ" ಎಂದು ಮೂರು ತುಂಡಾಗುತ್ತದೆ. "ಕಾಡು" ಎಂದು ಹುಡುಕಿದರೆ ಕೇಡು, ಕೂಡಿ, ಕೋಡಿ ಎಲ್ಲ ಬಂದು ನಿಲ್ಲುತ್ತವೆ. ಟೇಬಲ್ ಮಾಡುವಾಗಲೇ ಆ ಗುರುತುಗಳ ವರ್ಗಗಳನ್ನೂ ಸೇರಿಸಿ ಎಂದು ಹೇಳಿದರೆ ಸರಿಹೋಗುತ್ತದೆ. ಒಂದೇ ಸಾಲಿನ ಕೆಲಸ. ಆ ಸಾಲು ಗೊತ್ತಿಲ್ಲದವರು ಸುಮ್ನೆ ಹೋಸ್ಟಿಂಗ್ ಬದಲಿಸುತ್ತಾರೆ.

ಆಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ. "ಬ್ರಷ್‌ಕಟರ್" ಎಂದು ಒತ್ತಕ್ಷರವಾಗದಂತೆ ಬರೆಯಲು ನಡುವೆ ಶೂನ್ಯ ಅಗಲದ ಅಕ್ಷರವೊಂದು ಕೂತಿರುತ್ತದೆ. ಒಬ್ಬರ ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಬ್ಬರದ್ದು ಹಾಕುವುದಿಲ್ಲ. ಕಂಪ್ಯೂಟರಿಗೆ ಅವು ಎರಡು ಬೇರೆ ಪದ. ಇಂಡೆಕ್ಸಿಗೆ ಸೇರಿಸುವಾಗಲೂ ಹುಡುಕುವಾಗಲೂ ಅದನ್ನು ಕಿತ್ತು ಹಾಕುವುದು ನನ್ನ ರೂಢಿ. ವಿಭಕ್ತಿಯದ್ದೂ ಹೀಗೆಯೇ. "ಕಾಫಿ" ಎಂದು ಹುಡುಕಿದರೆ "ಕಾಫಿಯ", "ಕಾಫಿಗೆ" ಸಿಗುತ್ತವೆ, ಏಕೆಂದರೆ ಪದದ ಮುಂಭಾಗ ಹೊಂದುತ್ತದೆ. "ಮೆಣಸಿಗೆ ಔಷಧಿ" ಎಂದು ಯಾರಾದರೂ ಕೇಳಿದರೆ ಮಾತ್ರ ಆ "ಗೆ" ಕತ್ತರಿಸಲು ನಮ್ಮದೇ ಒಂದು ಸಣ್ಣ ಕೋಡ್ ಬೇಕು.

ಇಷ್ಟೆಲ್ಲ ನೋಡಿದ ಮೇಲೆ ಗೋಣಿಕೊಪ್ಪದ ಅಂಗಡಿಗೆ ಮೈಲಿಸರ್ಚ್ ಹಾಕಿದೆ. ರಸ್ಟ್ ಭಾಷೆಯಲ್ಲಿ ಬರೆದದ್ದು, ಒಂದೇ ಫೈಲ್, ಜಾವಾ ಬೇಡ. ಸಮಾನ ಪದಗಳ ಪಟ್ಟಿ ಕೊಟ್ಟರೆ ಕಳೆ ಮಿಷನ್, ಬ್ರಷ್ ಕಟರ್ ಎಲ್ಲ ಒಂದೇ ಕಡೆ ಸೇರುತ್ತವೆ. ಟೈಪ್‌ಸೆನ್ಸ್ ಎಂಬ ಇನ್ನೊಂದು ಎಂಜಿನ್ ಕೂಡ ಚೆನ್ನಾಗಿದೆ, ಆದರೆ ಅದು ಇಂಡೆಕ್ಸ್ ಪೂರ್ತಿ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಮತ್ತೆ ಕಾಗುಣಿತ ತಪ್ಪನ್ನು ಮನ್ನಿಸುವ ಲೆಕ್ಕ ಎರಡರಲ್ಲೂ ಬೇರೆ. ಮೈಲಿಸರ್ಚ್ 5 ಅಕ್ಷರದ ಪದದಿಂದ ಒಂದು ತಪ್ಪನ್ನು ಮನ್ನಿಸುತ್ತದೆ, ಟೈಪ್‌ಸೆನ್ಸ್ 4ರಿಂದಲೇ. ಸಾಮಾನಿನ ಹೆಸರು ಹುಡುಕುವಾಗ ಇದು ವರ. ಬೇರಿಂಗ್ ನಂಬರಿಗೆ ಶಾಪ. 6203 ಇಲ್ಲದಿದ್ದಾಗ ಟೈಪ್‌ಸೆನ್ಸ್ 6204 ತೋರಿಸಿದರೆ ಏನಾಗುತ್ತದೆ? ಒಂದರ ಒಳತೂತು 17 ಮಿಲಿಮೀಟರ್, ಇನ್ನೊಂದರದ್ದು 20. ರೈಟರ್ ಅದನ್ನು ಕೊಂಡು ತೋಟಕ್ಕೆ ಹೋಗಿ, ಕೂರದೆ, ವಾಪಸ್ ಬರುತ್ತಾನೆ. ನಂಬರಿನ ಕಾಲಂಗೆ ಈ ಮನ್ನಣೆಯನ್ನು ಆಫ್ ಮಾಡಿಡಬೇಕು. ಎರಡರಲ್ಲೂ ಅದಕ್ಕೆ ಅವಕಾಶ ಇದೆ.

ಇನ್ನು ಜಾಗ. ಕಟ್ಟಿದ ದುಡ್ಡು ಹಾಳು ಮಾಡುವುದು ಅಣ್ಣನಿಗೆ ಇಷ್ಟವಿರಲಿಲ್ಲ. "ಅಂಗಡಿಯಲ್ಲೇ ಒಂದು ಕಂಪ್ಯೂಟರ್ ಇಟ್ಟು ಓಡಿಸೋಕೆ ಆಗಲ್ವಾ, ಯುಪಿಎಸ್ ಇದೆಯಲ್ಲ?" ಎಂದು ಕೇಳಿದರು. ಜೂನ್‌ನಿಂದ ಆಗಸ್ಟ್‌ವರೆಗೆ ದಕ್ಷಿಣ ಕೊಡಗಿನಲ್ಲಿ ಕರೆಂಟ್ ಹೇಗಿರುತ್ತದೆ ಎಂದು ಅವರಿಗೇ ಚೆನ್ನಾಗಿ ಗೊತ್ತು. ಮರ ಬಿದ್ದು ಲೈನ್ ಹೋದರೆ ಯುಪಿಎಸ್ ಎಷ್ಟು ಹೊತ್ತು ತಾಳುತ್ತದೆ? ಅದಕ್ಕೂ ಮುಂಚೆ ಫೈಬರ್ ಹೋಗಿರುತ್ತದೆ. "ಅಣ್ಣ, ಸರ್ವರ್ ಘಟ್ಟದ ಕೆಳಗಿರಲಿ" ಎಂದೆ. ನಕ್ಕು ಒಪ್ಪಿದರು.

ಸೈಟನ್ನು ಹಳೆಯ ಶೇರ್ಡ್ ಜಾಗದಲ್ಲೇ ಬಿಟ್ಟೆವು. ಸರ್ಚ್‌ಗೆ ಮಾತ್ರ 2 ಜಿಬಿ ಮೆಮೊರಿಯ ಒಂದು ಕೆವಿಎಂ ವಿಪಿಎಸ್, ಡೇಟಾ ಸೆಂಟರ್ ಭಾರತದಲ್ಲೇ. ಗ್ರಾಹಕರ ಬ್ರೌಸರ್ ಸೀದಾ ಸರ್ಚ್ ಸರ್ವರ್ ಜೊತೆ ಮಾತಾಡುತ್ತದೆ, ಹುಡುಕಲು ಮಾತ್ರ ಅನುಮತಿ ಇರುವ ಕೀ ಹಿಡಿದು. ಡೇಟಾ ಸೆಂಟರ್ ಎಲ್ಲಿದೆ ಎಂಬುದು ಇಲ್ಲಿ ಮುಖ್ಯ. ಟೈಪ್ ಮಾಡಿದಂತೆ ಫಲಿತಾಂಶ ಬರಬೇಕಾದರೆ ಅಕ್ಷರ ಅಕ್ಷರಕ್ಕೂ ಒಂದು ವಿನಂತಿ ಹೋಗುತ್ತದೆ. ಅಮೆರಿಕದ ಸರ್ವರ್ ಆದರೆ ಹೋಗಿ ಬರಲು ಮಾಮೂಲಾಗಿ 200 ಮಿಲಿಸೆಕೆಂಡಿಗೂ ಜಾಸ್ತಿ. ಪೊಲ್ಲಿಬೆಟ್ಟದ ತೋಟದೊಳಗೆ ಒಂದೇ ಕಡ್ಡಿ ಸಿಗ್ನಲ್ ಇರುವಾಗ ಅದರ ಮೇಲೆ ಇದೂ ಸೇರಿದರೆ ಮುಗಿಯಿತು. ಬೆರಳು ನಿಂತ ಮೇಲೆ ಸ್ವಲ್ಪ ಕಾದು ಒಂದೇ ವಿನಂತಿ ಕಳಿಸುವಂತೆಯೂ ಮಾಡಿದ್ದೇವೆ.

ಸಾಮಾನಿನ ಬೆಲೆ ಬದಲಾದಾಗ ಶೇರ್ಡ್ ಜಾಗದಿಂದ ಸರ್ಚ್ ಸರ್ವರಿಗೆ ಸುದ್ದಿ ಹೋಗಬೇಕಲ್ಲ? ಹಲವು ಶೇರ್ಡ್ ಹೋಸ್ಟ್‌ಗಳ ಫೈರ್‌ವಾಲ್ 7700ರಂಥ ಪೋರ್ಟಿಗೆ ಹೊರಗೆ ಹೋಗಲು ಬಿಡುವುದಿಲ್ಲ. ಹಾಗಾಗಿ ಮೈಲಿಸರ್ಚ್ ಮುಂದೆ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಕೂರಿಸಿ, ಎಲ್ಲವನ್ನೂ ಮಾಮೂಲಿ ಎಚ್‌ಟಿಟಿಪಿಎಸ್‌ನ 443ರಲ್ಲೇ ಕಳಿಸುತ್ತೇವೆ. ಭದ್ರತೆಗೂ ಅದೇ ಒಳ್ಳೆಯದು. 2020ರ ಜುಲೈಯಲ್ಲಿ ಪಾಸ್‌ವರ್ಡ್ ಇಲ್ಲದೆ ತೆರೆದಿದ್ದ ಎಲಾಸ್ಟಿಕ್‌ಸರ್ಚ್, ಮೊಂಗೊಡಿಬಿ ಸರ್ವರ್‌ಗಳನ್ನು ಯಾರೋ ಹುಡುಕಿ ಹುಡುಕಿ ಅಳಿಸಿ, ಡೇಟಾ ಇದ್ದ ಜಾಗದಲ್ಲಿ "ಮಿಯಾವ್" ಎಂಬ ಪದ ಬಿಟ್ಟು ಹೋಗಿದ್ದರು. ಎಲಾಸ್ಟಿಕ್‌ಸರ್ಚ್‌ನಲ್ಲಿ ಭದ್ರತೆ ತಾನಾಗಿಯೇ ಆನ್ ಆಗಿರುವುದು 2022ರ 8.0 ಆವೃತ್ತಿಯಿಂದ. ಅದಕ್ಕೂ ಹಳೆಯದನ್ನು ಓಡಿಸುತ್ತಿರುವವರು ಇಂದೇ ನೋಡಿಕೊಳ್ಳಿ.

ಮೆಮೊರಿ ಬಗ್ಗೆ ಒಂದು ಮಾತು. ಮೈಲಿಸರ್ಚ್ ಇಂಡೆಕ್ಸ್ ಕಟ್ಟುವಾಗ, ನಾವು ಬೇರೆ ಹೇಳದಿದ್ದರೆ, ಇರುವ ಮೆಮೊರಿಯಲ್ಲಿ ಮೂರನೇ ಎರಡು ಭಾಗದವರೆಗೆ ಬಳಸಬಹುದು. ವಿಪಿಎಸ್‌ನಲ್ಲಿ ಬೇರೇನಾದರೂ ಓಡುತ್ತಿದ್ದರೆ ಆ ಮಿತಿ ಇಳಿಸಿ. ಡಿಸ್ಕನ್ನೂ ಬಿಗಿಯಾಗಿ ತೆಗೆದುಕೊಳ್ಳಬೇಡಿ. ಇಂಡೆಕ್ಸ್ ಹೊಸದಾಗಿ ಕಟ್ಟಿ ಹಳೆಯದರ ಜಾಗಕ್ಕೆ ತರುವಾಗ ಸ್ವಲ್ಪ ಹೊತ್ತು ಎರಡೂ ಇರುತ್ತವೆ. ಎಲಾಸ್ಟಿಕ್‌ಸರ್ಚ್ ಇನ್ನೂ ಕಟ್ಟುನಿಟ್ಟು. ಡಿಸ್ಕ್ 95 ಶೇಕಡಾ ತುಂಬಿದರೆ ಇಂಡೆಕ್ಸಿಗೆ ಬರೆಯುವುದನ್ನೇ ನಿಲ್ಲಿಸುತ್ತದೆ. ಹುಡುಕಾಟ ನಡೆಯುತ್ತಲೇ ಇರುತ್ತದೆ, ಹೊಸ ಬೆಲೆ ಮಾತ್ರ ಬರುವುದಿಲ್ಲ. ಅಂಗಡಿಯವರು ನಮ್ಮನ್ನು ಬೈಯುತ್ತಾರೆ, ನಾವು ಕೋಡ್ ನೋಡುತ್ತಾ ಕೂರುತ್ತೇವೆ. ಕಾರಣ ಯಾವುದೋ ಹಳೆಯ ಲಾಗ್ ಫೈಲ್.

ಇಂಡೆಕ್ಸಿಗೆ ಬ್ಯಾಕಪ್ ಅಷ್ಟೇನೂ ಬೇಡ, ಡೇಟಾಬೇಸಿನಿಂದ ಮತ್ತೆ ಕಟ್ಟಬಹುದು. ಸಮಾನ ಪದಗಳ ಪಟ್ಟಿಗೆ ಮಾತ್ರ ಬೇಕೇ ಬೇಕು. ಅದು ರೈಟರ್‌ಗಳ ಬಾಯಿಂದ ಒಂದೊಂದೇ ಹೆಕ್ಕಿದ್ದು.

ಎಲ್ಲ ಕೆಲಸಕ್ಕೂ ಸರ್ವರ್ ಬೇಕೆಂದೂ ಇಲ್ಲ. ಮಡಿಕೇರಿಯವರೊಬ್ಬರಿಗೆ ಹಳೆಯ ಲೇಖನಗಳ ಸಂಗ್ರಹದ ಸೈಟ್ ಬೇಕಿತ್ತು. ಬರೆದದ್ದು ಬದಲಾಗುವುದಿಲ್ಲ, ಬೆಲೆಯೂ ಇಲ್ಲ. ಅದಕ್ಕೆ ಪೇಜ್‌ಫೈಂಡ್ ಸಾಕಾಯಿತು. ಸೈಟ್ ಕಟ್ಟುವಾಗಲೇ ಇಂಡೆಕ್ಸನ್ನು ಸಣ್ಣ ಸಣ್ಣ ಫೈಲುಗಳಾಗಿ ಮಾಡಿ ಇಡುತ್ತದೆ, ಹುಡುಕಾಟ ಓದುಗರ ಬ್ರೌಸರಿನಲ್ಲೇ ನಡೆಯುತ್ತದೆ. ಅತಿ ಅಗ್ಗದ ಹೋಸ್ಟಿಂಗೂ ಆಗುತ್ತದೆ. ಅಲ್ಲಿನ ತಲೆನೋವು ಕೊಡಗಿನ ಸುಗ್ಗಿ ಹಬ್ಬವನ್ನು "ಹುತ್ತರಿ" ಎಂದು ಹುಡುಕುವವರು, "ಪುತ್ತರಿ" ಎಂದು ಹುಡುಕುವವರು ಇಬ್ಬರೂ ಇದ್ದದ್ದು. ಪುಟಗಳಲ್ಲೇ ಎರಡನ್ನೂ ಕಾಣದಂತೆ ಸೇರಿಸಿದೆವು.

ಗೋಣಿಕೊಪ್ಪದ ಸೈಟಿನಲ್ಲಿ ಏನೂ ಸಿಗದೆ ಹೋದ ಹುಡುಕಾಟಗಳನ್ನು ಬೇರೆ ಬರೆದಿಡುತ್ತೇವೆ. ಮಳೆಗೆ ಮುಂಚೆ, ಬೋರ್ಡೋ ಸಿಂಪಡಣೆಯ ಹೊತ್ತಿನಲ್ಲಿ, ಆ ಪಟ್ಟಿ ಉದ್ದವಾಗುತ್ತದೆ. ಕೆಲವು ಪದ ಸಮಾನ ಪದಗಳ ಪಟ್ಟಿಗೆ ಹೋಗುತ್ತವೆ. ಉಳಿದವನ್ನು ಅಣ್ಣ ತನ್ನ ಆರ್ಡರ್ ಪುಸ್ತಕಕ್ಕೆ ಬರೆದುಕೊಳ್ಳುತ್ತಾರೆ. ಶೇರ್ಡ್ ಪ್ಲಾನ್‌ನ ಅವಧಿ ಮುಗಿದಾಗ ಸೈಟನ್ನೂ ವಿಪಿಎಸ್‌ಗೆ ತರುತ್ತೇವೆ, ಮೆಮೊರಿ 4 ಜಿಬಿ ಮಾಡಿಕೊಂಡು, ತಿಂಗಳ ಬಾಡಿಗೆಯಲ್ಲಿ.